ಎಣಿಕೆಗೆ ಸಿಗದವರು: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಜೆರಾಕ್ಸ್ ಅಂಗಡಿಯಿಂದ ಒಂದು ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ನಮಸ್ಕಾರಗಳು.

ತಮ್ಮ ಕಚೇರಿಯಿಂದ ಕೂಗಳತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ತಾವು ನೋಡಿರಲಿಕ್ಕಿಲ್ಲ, ತಮ್ಮ ಕಾರು ಆ ಓಣಿಗೆ ತಿರುಗುವುದಿಲ್ಲ. ಆದರೆ ತಮ್ಮ ಮೇಜಿನ ಮೇಲೆ ಬಂದು ಬೀಳುವ ಅರ್ಜಿಗಳಲ್ಲಿ ಕೆಲವಾದರೂ ನನ್ನ ಯಂತ್ರದ ಬಿಸಿ ತಾಗಿಸಿಕೊಂಡೇ ಬಂದಿರುತ್ತವೆ. ನಾನು ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ತೋಟ ಅಣ್ಣನ ಪಾಲಿಗೆ ಬಂತು, ನಾನು ಹೊಟ್ಟೆಪಾಡಿಗೆ ಘಟ್ಟ ಇಳಿದೆ. 1997ರಲ್ಲಿ ಒಂದು ಹಳೇ ಟೈಪ್‌ರೈಟರ್, ಒಂದು ಸೆಕೆಂಡ್ ಹ್ಯಾಂಡ್ ಜೆರಾಕ್ಸ್ ಯಂತ್ರ ಇಟ್ಟುಕೊಂಡು ಶುರು ಮಾಡಿದ ಅಂಗಡಿ ಇದು. ಈಗ ಕಂಪ್ಯೂಟರ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೊ ಎಲ್ಲ ಇದೆ. ಕೆಲಸ ಹುಡುಕುವವರು ಈ ಊರಲ್ಲಿ ಬೇರೆಲ್ಲಿಗೆ ಹೋಗದಿದ್ದರೂ ಇಂಥ ಅಂಗಡಿಯ ಮೆಟ್ಟಿಲು ಹತ್ತಲೇಬೇಕು.

ಕೆಲಸ ಕೊಡಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅಂಥ ಅರ್ಜಿಗಳನ್ನು ಬೇರೆಯವರಿಗಾಗಿ ಟೈಪ್ ಮಾಡಿ ಮಾಡಿ ಅವುಗಳ ಗತಿ ಏನು ಎಂದು ನನಗೆ ಗೊತ್ತಾಗಿದೆ. ಕೆಲಸ ಇಲ್ಲದವರು ಈ ಜಿಲ್ಲೆಯಲ್ಲಿ ಎಷ್ಟು ಜನ ಎಂದು ಎಣಿಸಿ, ತಿಂಗಳಿಗೊಮ್ಮೆ ನಮಗೆ ಹೇಳಿ. ನಾನು ಕೇಳುವುದು ಇಷ್ಟೇ.

ಈ ವಿಚಾರ ತಲೆಗೆ ಹತ್ತಿದ್ದು ಒಬ್ಬ ಹುಡುಗಿಯಿಂದ. ಅರ್ಥಶಾಸ್ತ್ರದಲ್ಲಿ ಎಂ.ಎ. ಓದುವವಳು, ತನ್ನ ಪ್ರಾಜೆಕ್ಟ್ ವರದಿ ಪ್ರಿಂಟ್ ಹಾಕಿಸಲು ಬಂದಿದ್ದಳು. ಕಾರವಾರ–ಅಂಕೋಲಾ ಭಾಗದಲ್ಲಿ ನಿರುದ್ಯೋಗ ಏರಿದ್ದೋ ಇಳಿದದ್ದೋ ಎಂಬುದು ಅವಳ ವಿಷಯ. ಬೈಂಡಿಂಗ್‌ಗೆ ಪುಟ ಜೋಡಿಸುವಾಗ ನನಗೆ ಓದುವ ಚಟ. ಮೊದಲ ಅಧ್ಯಾಯದ ತುಂಬ ಭಾರತ, ಎರಡನೆಯದರ ತುಂಬ ಕರ್ನಾಟಕ, ಮೂರನೆಯದರಲ್ಲಿ ಕಾರವಾರದ ಇತಿಹಾಸ, ಹವಾಮಾನ, ಟ್ಯಾಗೋರ್ ಕಡಲತೀರದ ಒಂದು ಚಂದದ ಫೋಟೊ.

“ನಮ್ಮೂರಿನ ಅಂಕಿ ಎಲ್ಲಿ?” ಅಂದೆ.

“ಸಿಗಲೇ ಇಲ್ಲ ಅಂಕಲ್. ಅಮೆರಿಕದ್ದು ಬೇಕಾದರೆ ಹೇಳಿ, ಸಣ್ಣ ಸಣ್ಣ ಊರಿನದ್ದೂ ತಿಂಗಳು ತಿಂಗಳು ಇದೆ” ಅಂದಳು.

ಅಲ್ಲಿ ಐವತ್ತು ಸಾವಿರ ಜನರ ಒಂದು ನಗರ, ಅದರ ಸುತ್ತಲಿನ ಹಳ್ಳಿ ಪಟ್ಟಣ ಸೇರಿದರೆ ಸಾಕು, ಅದಕ್ಕೆ ಮೆಟ್ರೊಪಾಲಿಟನ್ ಪ್ರದೇಶ ಎಂದು ಹೆಸರು. ಪ್ರತಿ ತಿಂಗಳೂ ಅದರ ನಿರುದ್ಯೋಗದ ಪ್ರಮಾಣ ಪ್ರಕಟವಾಗುತ್ತದೆ. ನಮ್ಮ ಸಂವಿಧಾನದಲ್ಲಿ ಆ ಹೆಸರು ಬೇಕಾದರೆ ಹತ್ತು ಲಕ್ಷ ಜನ ಬೇಕು. ಅವರ ಅಳತೆಗೋಲು ಹಿಡಿದರೆ ನಮ್ಮ ಕಾರವಾರವೂ ಶಿರಸಿಯೂ 2011ರ ಜನಗಣತಿಯ ಹೊತ್ತಿಗೇ ಮಹಾನಗರಗಳು! ಶಿರಸಿಯ ನನ್ನ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, “ಮಹಾನಗರ ಹಾಂಗಿರ್ಲಿ, ಮೊದ್ಲು ನೆಟ್‌ವರ್ಕ್ ಬರ್ಲಿ” ಅಂದ. ಮಾತು ಮುಗಿಯುವ ಮೊದಲೇ ಫೋನ್ ಕಟ್ಟಾಯಿತು.

ಅಂಕಿ ಇಲ್ಲದ ಊರಿನಲ್ಲಿ ನನ್ನ ಬಳಿ ಇರುವುದು ಕಾಗದದ ನೆನಪು. ಯಾವ ವರ್ಷ ಯಾವ ಕಾಗದ ಹೆಚ್ಚು ಬಂತು ಎಂದು ನೆನೆದರೆ ಊರಿನ ಜಾತಕ ಬಿಚ್ಚಿದ ಹಾಗಾಗುತ್ತದೆ.

ಅಂಗಡಿಯ ಹೊಸತರಲ್ಲಿ ಬರುತ್ತಿದ್ದದ್ದು ಭೂಸ್ವಾಧೀನದ ನೋಟಿಸು, ಪಹಣಿ, ನಿರಾಶ್ರಿತರ ಪ್ರಮಾಣಪತ್ರ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ ಕಳೆದರೂ ಜಾಗ ಬಿಡಬೇಕಾದವರ ಓಡಾಟ ಮುಗಿದಿರಲಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲೆರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿದವು. ನೌಕಾನೆಲೆ, ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಆ ದಿನಗಳಲ್ಲಿ ಅರ್ಜಿ ಬರೆಸಲು ಬರುವವರ ಬಾಯಲ್ಲಿ ಒಂದೇ ಮಾತು: ‘ಮನೆಗೊಂದು ಕೆಲಸ.’ ಅರಗಾ, ಬಿಣಗಾ, ಚೆಂಡಿಯಾ ಕಡೆಯ ಹಿರಿಯರು ಪ್ಲಾಸ್ಟಿಕ್ ಚೀಲದೊಳಗಿಂದ ಕಾಗದ ತೆಗೆಯುವಾಗ ದೇವರ ಪ್ರಸಾದ ಬಿಚ್ಚಿದಷ್ಟು ನಾಜೂಕು. ಕೆಲವರಿಗೆ ಕೆಲಸ ಸಿಕ್ಕಿತು, ಸಿಹಿ ತಂದು ಕೊಟ್ಟರು. ಉಳಿದವರು ಅದೇ ಕಾಗದವನ್ನು ಮತ್ತೆ ಮತ್ತೆ ಜೆರಾಕ್ಸ್ ಮಾಡಿಸಿದರು. ಕಾಪಿಯ ಕಾಪಿಯ ಕಾಪಿ ತೆಗೆದು ತೆಗೆದು ಕೊನೆಗೆ ತಹಸೀಲ್ದಾರರ ಸಹಿ ಒಂದು ಕಪ್ಪು ಕಲೆಯಾಗಿ ಉಳಿಯಿತು.

ಆಮೇಲೆ ಬಂತು ಅದಿರಿನ ಕಾಲ. ಬಳ್ಳಾರಿ ಕಡೆಯ ಅದಿರು ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ ಇಳಿದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಬರುತ್ತಿತ್ತು. ದಾರಿಯುದ್ದಕ್ಕೂ ಮರದ ಎಲೆ ಕೂಡ ಕೆಂಪು. ಆ ನಾಲ್ಕೈದು ವರ್ಷ ನನ್ನ ಅಂಗಡಿಗೆ ನೌಕರಿಯ ಅರ್ಜಿಗಳು ಕಡಿಮೆಯಾದವು. ಬರುತ್ತಿದ್ದದ್ದು ಲಾರಿಯ ಆರ್‌ಸಿ, ಪರ್ಮಿಟ್, ಡ್ರೈವಿಂಗ್ ಲೈಸನ್ಸ್, ಸಾಲದ ಕರಾರು. ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗ ಕ್ಲೀನರ್ ಆಗಿ ಹೋಗುತ್ತಿದ್ದ, ವರ್ಷ ತುಂಬುವುದರೊಳಗೆ ಸ್ಟೇರಿಂಗ್ ಹಿಡಿಯುತ್ತಿದ್ದ, ಮರುವರ್ಷ ಅಪ್ಪನ ಜಾಗ ಅಡವಿಟ್ಟು ಸ್ವಂತ ಲಾರಿ. ಗ್ಯಾರೇಜು, ಪಂಕ್ಚರ್ ಅಂಗಡಿ, ದಾರಿಬದಿಯ ಊಟದ ಹೋಟೆಲು ಎಲ್ಲ ಅದೇ ಕೆಂಪು ಧೂಳಿನ ಮೇಲೆ ನಿಂತಿದ್ದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷದ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ನಿಲ್ಲಿಸಬೇಕಾದದ್ದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಹುಡುಗರು ಬ್ಯಾಂಕಿನ ಜಪ್ತಿ ನೋಟಿಸು ಹಿಡಿದುಕೊಂಡು ಬಂದು ನಿಂತಾಗ, ಒಂದೇ ವರ್ಷದಲ್ಲಿ ಈ ಕರಾವಳಿಯಲ್ಲಿ ಎಷ್ಟು ಜನರ ದುಡಿಮೆ ಹೋಯಿತು ಎಂದು ಹೇಳುವವರು ಯಾರೂ ಇರಲಿಲ್ಲ. ಕೆಲವರು ಗೋವಾದ ಗಣಿಗಳಿಗೆ ಲಾರಿ ಓಡಿಸಲು ಹೋದರು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿಯೂ ಗಣಿಗಾರಿಕೆ ನಿಲ್ಲಿಸಿತು. ನಡುವೆ ಶುರುವಾಗಿದ್ದದ್ದೂ 2018ರ ಮಾರ್ಚ್‌ನಲ್ಲಿ ಮತ್ತೆ ನಿಂತಿತು. ಅದೇ ಹುಡುಗರು, ಈಗ ತಲೆಯಲ್ಲಿ ನರೆ, ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕೆ ಬಯೋಡೇಟಾ ಮಾಡಿಸಲು ಬಂದರು. ‘ಅನುಭವ’ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದರೆ ನಕ್ಕರು.

ಈಗಿನ ಕಾಗದ ಯಾವುದು ಎಂದು ಕೇಳಿದರೆ ಒಂದೇ ಉತ್ತರ: ಗೋವಾ. ಹೋದ ಮಳೆಗಾಲದಲ್ಲಿ ಒಂದು ವಾರ ಸುಮ್ಮನೆ ಕುತೂಹಲಕ್ಕೆ, ಬಂದವರು ಯಾವ ಊರಿನ ಕೆಲಸಕ್ಕೆ ಅರ್ಜಿ ಹಾಕುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆದೆ. ಶನಿವಾರದ ಹೊತ್ತಿಗೆ ಗೋವಾದ ಸಾಲು ಪುಟದ ಅಂಚಿಗೆ ಹೋಗಿ ಮುಟ್ಟಿತ್ತು. ಬೆಂಗಳೂರಿನದು ಅದರರ್ಧ. ಕಾರವಾರದ ಸಾಲಿನಲ್ಲಿದ್ದವು ಕೈಬೆರಳಿಗೆ ಸಿಗುವಷ್ಟು, ಅದರಲ್ಲಿ ಎರಡು ಬಟ್ಟೆ ಅಂಗಡಿ.

ತಾವು ಒಂದು ದಿನ ಬೆಳಗಿನ ಹೊತ್ತು ಶಿರವಾಡದ ರೈಲು ನಿಲ್ದಾಣಕ್ಕೆ ಹೋಗಿ ನಿಲ್ಲಬೇಕು. ಮಡಗಾಂವ್ ಕಡೆಗೆ ಹೋಗುವ ಗಾಡಿ ಹತ್ತುವವರ ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ಡಬ್ಬಿ. ವೆರ್ಣಾದ ಔಷಧ ಕಾರ್ಖಾನೆ, ಕಾಣಕೋಣದ ಹೋಟೆಲು, ಮಡಗಾಂವಿನ ಅಂಗಡಿ. ಅಸ್ನೋಟಿಯಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಬೈಕಿನಲ್ಲಿ ಮಾಜಾಳಿ ಚೆಕ್‌ಪೋಸ್ಟ್ ದಾಟುವವರು ಬೇರೆ. ಭಾಷೆ ಒಂದೇ ಕೊಂಕಣಿ, ಅಡುಗೆ ಒಂದೇ, ನೆಂಟಸ್ತನವೂ ಇದೆ. ಆದರೆ ಸಂಬಳ ಹುಟ್ಟುವುದು ಆಚೆ ರಾಜ್ಯದಲ್ಲಿ. 2020ರಲ್ಲಿ ಲಾಕ್‌ಡೌನ್ ಆಗಿ ಗಡಿ ಮುಚ್ಚಿದಾಗ ನಮ್ಮೂರಿನ ನಿಜವಾದ ನಿರುದ್ಯೋಗ ಎಷ್ಟು ಎಂಬುದು ಕೆಲವು ವಾರ ಬೀದಿಯಲ್ಲೇ ಕಂಡಿತು. ಕೋಡಿಬಾಗದಲ್ಲಿ, ಸದಾಶಿವಗಡದಲ್ಲಿ ಯಾವ ಕಟ್ಟೆ ನೋಡಿದರೂ ಹುಡುಗರು. ಗಡಿ ತೆರೆಯಿತು, ಕಟ್ಟೆ ಖಾಲಿಯಾಯಿತು, ನಾವೆಲ್ಲ ಸಮಸ್ಯೆ ಬಗೆಹರಿಯಿತು ಎಂದುಕೊಂಡೆವು.

ನಮ್ಮ ಜಿಲ್ಲೆಯ ನಿರುದ್ಯೋಗ ಹೀಗೆ ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗುತ್ತದೆ ಸ್ವಾಮಿ. ಅದು ಹೋಗಿಬಿಡುವುದರಿಂದಲೇ ತಮ್ಮ ಕಣ್ಣಿಗೆ ಬೀಳುವುದಿಲ್ಲ. ಭಟ್ಕಳದಲ್ಲಿ ಅದು ವಿಮಾನ ಹತ್ತುತ್ತದೆ, ದುಬೈಗೆ ಹೋಗುತ್ತದೆ. ಶಿರಸಿ, ಸಿದ್ದಾಪುರದಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ.

ಈಗ ನನ್ನ ಮನೆಯ ವಿಷಯ. ನನ್ನ ಮಗ ಐಟಿಐ ಫಿಟ್ಟರ್. ಈ ತಾಲ್ಲೂಕಿನ ಒಂದು ದೊಡ್ಡ ಸಂಸ್ಥೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಆರು ವರ್ಷ ದುಡಿದಿದ್ದಾನೆ. ಸಂಸ್ಥೆಯ ಹೆಸರು ಬೇಡ, ಅವನಿನ್ನೂ ಅಲ್ಲಿಗೇ ಹೋಗಬೇಕು. ಯಂತ್ರ ಅದೇ, ಪಾನಾ ಅದೇ, ಮೇಲ್ವಿಚಾರಕನೂ ಅವನೇ. ಬದಲಾಗುವುದು ಗುತ್ತಿಗೆದಾರ ಮಾತ್ರ. ಟೆಂಡರ್ ಮುಗಿದ ಕೂಡಲೇ ಗೇಟ್ ಪಾಸ್ ವಾಪಸ್. ಹೊಸ ಟೆಂಡರ್, ಹೊಸ ಗುತ್ತಿಗೆದಾರ, ಮತ್ತೆ ಪೊಲೀಸ್ ವೆರಿಫಿಕೇಶನ್, ಮತ್ತೆ ಆಧಾರ್ ಕಾಪಿ, ಮತ್ತೆ ನಾಲ್ಕು ಫೋಟೊ. ನಡುವೆ ಒಂದು ತಿಂಗಳು, ಕೆಲವು ಸಲ ಮೂರು ತಿಂಗಳು ಮನೆ. ಆರು ವರ್ಷದ ಅನುಭವಕ್ಕೆ ಒಂದು ಸಾಲಿನ ಅನುಭವಪತ್ರ ಇಲ್ಲ, ಏಕೆಂದರೆ ಕೊಡಬೇಕಾದವ ಟೆಂಡರ್ ಮುಗಿಸಿಕೊಂಡು ಇನ್ನೊಂದು ರಾಜ್ಯಕ್ಕೆ ಹೋಗಿರುತ್ತಾನೆ. ಅದೇ ಸಂಸ್ಥೆ ಕಾಯಂ ಹುದ್ದೆಗೆ ಜಾಹೀರಾತು ಕೊಟ್ಟಾಗ ಕೇಳುವುದು: ಎರಡು ವರ್ಷದ ಅನುಭವದ ಪ್ರಮಾಣಪತ್ರ.

ಹೋದ ವರ್ಷ ಅಂಥದೇ ಒಂದು ಬಿಡುವಿನಲ್ಲಿ ಮಗ ಅಂಗಡಿಯಲ್ಲಿ ನನಗೆ ಸಹಾಯಕ್ಕೆ ಕೂತಿದ್ದ. ಅರ್ಥಶಾಸ್ತ್ರದ ಆ ಹುಡುಗಿ ಮತ್ತೊಂದು ಪ್ರಿಂಟ್‌ಗೆ ಬಂದವಳು ಅವನನ್ನು ನೋಡಿ, “ಇವರು ಲೆಕ್ಕದಲ್ಲಿ ನಿರುದ್ಯೋಗಿ ಅಲ್ಲ ಅಂಕಲ್” ಅಂದಳು. ಹೇಗಮ್ಮಾ ಅಂದರೆ ವಿವರಿಸಿದಳು. ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆತ ಉದ್ಯೋಗಸ್ಥ. ಮನೆಯವರ ಅಂಗಡಿಯಲ್ಲೋ ತೋಟದಲ್ಲೋ ಸಂಬಳವಿಲ್ಲದೆ ಕೈಜೋಡಿಸಿದರೂ ಅದು ಉದ್ಯೋಗವೇ, ಸ್ವಯಂ ಉದ್ಯೋಗದ ಖಾತೆಗೆ ಜಮೆ. ವರ್ಷದ ಲೆಕ್ಕದಲ್ಲಿ ಮೂವತ್ತು ದಿನ ಹಾಗೆ ಕೂತರೆ ಸಾಕು.

ನಾನು ಮಗನ ಮುಖ ನೋಡಿದೆ. ಅವನು ಯಾರದೋ ರೇಶನ್ ಕಾರ್ಡು ಲ್ಯಾಮಿನೇಟ್ ಮಾಡುತ್ತಿದ್ದ. ದಿನದ ಇನ್ನೂರು ರೂಪಾಯಿ ದುಡಿಮೆಯ ನನ್ನ ಅಂಗಡಿ ದೇಶದ ನಿರುದ್ಯೋಗವನ್ನು ಒಬ್ಬನಷ್ಟು ಇಳಿಸಿತ್ತು!

ಸಮೀಕ್ಷೆಯನ್ನು ನಾನು ಹಳಿಯುತ್ತಿಲ್ಲ. ಒಂದು ಗಂಟೆಯ ಲೆಕ್ಕ ಬೇರೆ ದೇಶಗಳಲ್ಲೂ ಇದೆಯಂತೆ. ಸಂಬಳದ ನೌಕರಿಯೇ ಹೆಚ್ಚಿರುವ ಕಡೆ ಅದು ಸರಿಹೋಗಬಹುದು. ಆದರೆ ಅದೇ ಸಮೀಕ್ಷೆಯ ವರ್ಷದ ಲೆಕ್ಕದಲ್ಲಿ, 2017–18ರಲ್ಲಿ ಶೇ 6.1 ಇದ್ದ ದೇಶದ ನಿರುದ್ಯೋಗ 2023–24ಕ್ಕೆ ಶೇ 3.2ಕ್ಕೆ ಇಳಿಯಿತು ಎಂದು ಪತ್ರಿಕೆಯಲ್ಲಿ ಓದಿದಾಗ, ಈ ಓಣಿಯಲ್ಲಿ ಕೂತ ನನಗೆ ಹೊಟ್ಟೆಯೊಳಗೆ ಏನೋ ಮಿಸುಕುತ್ತದೆ. ಅದೇ ವರದಿಯಲ್ಲಿ 15ರಿಂದ 29 ವಯಸ್ಸಿನವರ ಸಾಲಿಗೆ ಬಂದರೆ ಶೇ 10.2. ಅದು ಸ್ವಲ್ಪ ನನ್ನ ಗಿರಾಕಿಗಳ ಹಾಗೆ ಕಾಣುತ್ತದೆ.

ಇನ್ನು ಎಣಿಕೆಯ ಬಲೆಯ ಇನ್ನೊಂದು ಕಣ್ಣಿನಿಂದ ನುಸುಳಿ ಹೋಗುವವರು ಪರೀಕ್ಷೆಗೆ ಓದುವವರು. ನನ್ನ ಅಣ್ಣನ ಮಗಳು ಡಿಗ್ರಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ನಾಲ್ಕು ವರ್ಷವಾಯಿತು. ಎಫ್‌ಡಿಎ, ಪಿಡಿಒ, ಪಿಎಸ್‌ಐ ಯಾವುದು ಕರೆದರೂ ಬರೆಯುತ್ತಾಳೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಯಿತಲ್ಲ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಆ ಮಕ್ಕಳು ಏನಾಗಿದ್ದರು? ಉದ್ಯೋಗಿಗಳಂತೂ ಅಲ್ಲ. ‘ಸದ್ಯ ಓದುತ್ತಿದ್ದಾಳೆ’ ಎಂದು ಮನೆಯವರು ಹೇಳಿದರೆ ನಿರುದ್ಯೋಗಿಯೂ ಅಲ್ಲ, ದುಡಿಮೆಯ ಲೆಕ್ಕದಿಂದಲೇ ಹೊರಗೆ. ಮದುವೆಯ ಮಾತು ಬಂದಾಗ ಮಾತ್ರ ನೆಂಟರು ಸರಿಯಾಗಿ ಎಣಿಸುತ್ತಾರೆ.

ಇದಕ್ಕೆ ತಿರುವುಮುರುವು ಇನ್ನೊಂದು ಬಗೆ. ಬೈತಖೋಲದಿಂದ ಬುಟ್ಟಿ ಹೊತ್ತು ಮೀನು ಮಾರಲು ಬರುವ ಅಕ್ಕ ಒಬ್ಬಳ ಅರ್ಜಿ ತುಂಬುವಾಗ ‘ಉದ್ಯೋಗ’ ಎಂಬ ಕಾಲಂ ಬಂತು. “ಏನಿಲ್ಲ, ಮನೆಯಲ್ಲೇ ಇರೂದು ಅಂತ ಬರಿ” ಅಂದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು, ಬುಟ್ಟಿ ನನ್ನ ಮೆಟ್ಟಿಲ ಮೇಲೆ, ಬಂಗಡೆಯ ವಾಸನೆ ಅಂಗಡಿ ತುಂಬ.

ನಮ್ಮ ಜಿಲ್ಲೆಯಲ್ಲಿ ತಿಂಗಳು ಬದಲಾದರೆ ನಿರುದ್ಯೋಗದ ಮುಖ ಬದಲಾಗುತ್ತದೆ, ಅದಕ್ಕೇ ವರ್ಷಕ್ಕೊಂದು ಅಂಕಿ ಸಾಲದು ಎನ್ನುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಯಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್ ಹುಡುಗರು ಊರಿಗೆ ಹೋಗುತ್ತಾರೆ. ಐಸ್ ಫ್ಯಾಕ್ಟರಿ, ಮೀನಿನ ಲಾರಿ, ಬಲೆ ನೇಯುವವರು, ಬುಟ್ಟಿಯ ಅಕ್ಕಂದಿರು ಕೈಕಟ್ಟಿ ಕೂರುತ್ತಾರೆ. ಅದೇ ಹೊತ್ತಿಗೆ ಗೋಕರ್ಣ, ಮುರ್ಡೇಶ್ವರದಲ್ಲಿ ಕಡಲಿನಾಟದ ಬೋಟುಗಳೂ ದಡ ಸೇರುತ್ತವೆ. ಮಳೆ ಜೋರಾದರೆ ಕಟ್ಟಡದ ಕೆಲಸವೂ ಇಲ್ಲ. 2024ರಲ್ಲಿ ಇದರ ಮೇಲೆ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆಬದಿಯ ಚಹಾ ಅಂಗಡಿ ಮನೆಮಂದಿಯ ಸಮೇತ ಹೋಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಕುಮಟಾ ಕಡೆಯಿಂದ ಬರುವವರಿಗೆ ದಾರಿ ಇಲ್ಲ, ಗೋವಾಕ್ಕೆ ಹೋಗುವವರಿಗೆ ಅರ್ಧ ದಾರಿ. ಆ ಎರಡು ತಿಂಗಳು ದಿನಗೂಲಿ ಕಳಕೊಂಡವರ ಪಟ್ಟಿ ಯಾವ ಕಡತದಲ್ಲಾದರೂ ಇದ್ದರೆ ದಯವಿಟ್ಟು ತೋರಿಸಿ, ಅದರ ಜೆರಾಕ್ಸ್ ನಾನು ಮಾಡಿಸಿಕೊಳ್ಳುತ್ತೇನೆ.

ಘಟ್ಟದ ಮೇಲೆ ಕಥೆ ತದ್ವಿರುದ್ಧ. ಅಲ್ಲಿ ಕೊಯ್ಲಿಗೆ ಆಳು ಸಿಗುವುದಿಲ್ಲ. ಅಣ್ಣ ಪ್ರತಿ ವರ್ಷ ದೀಪಾವಳಿ ಕಳೆಯುವುದರೊಳಗೆ ಕೊನೆಗೌಡನ ಮನೆಗೆ ಅಲೆಯಲು ಶುರು ಮಾಡುತ್ತಾನೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವವರು ಒಂದು ಸೀಮೆಗೆ ಇಬ್ಬರೋ ಮೂವರೋ ಉಳಿದಿದ್ದಾರೆ, ಅವರಿಗೂ ಅರವತ್ತಾಯಿತು. ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯಬಹುದು, ಅದನ್ನು ಹಿಡಿಯಲೂ ತೋಳು ಬೇಕಲ್ಲ. ಎಲೆಚುಕ್ಕೆ ರೋಗದಿಂದ ಸೊರಗಿದ ತೋಟಕ್ಕೆ ಔಷಧಿ ಹೊಡೆಯಲು ಜನ ಇಲ್ಲ. ಮೇಲೆ ಕೆಲಸ ಇದೆ ಜನ ಇಲ್ಲ, ಕೆಳಗೆ ಜನ ಇದ್ದಾರೆ ಕೆಲಸ ಇಲ್ಲ. ನಡುವೆ ದೇವಿಮನೆ ಘಟ್ಟ. ಕರಾವಳಿಯ ಬಿ.ಕಾಂ. ಹುಡುಗ ಹೋಗಿ ಮರ ಹತ್ತಲಿ ಎಂದು ನಾನು ಹೇಳುತ್ತಿಲ್ಲ. ನಾನೇ ಹತ್ತಲಿಲ್ಲ, ಇಳಿದು ಬಂದೆ. ಆದರೆ ಜಿಲ್ಲೆಗೆ ಒಂದೇ ಅಂಕಿ ಕೊಟ್ಟರೆ ಶಿರಸಿಯ ಕೊರತೆ, ಕಾರವಾರದ ಹೆಚ್ಚಳ ಎರಡೂ ಒಂದರೊಳಗೊಂದು ಕರಗಿ ಎಲ್ಲ ಸುಖವಾಗಿದೆ ಎಂದು ಕಾಣುತ್ತದೆ. ಹನ್ನೆರಡೂ ತಾಲ್ಲೂಕಿನದು ಬೇರೆ ಬೇರೆ ಬೇಕು.

ಎಣಿಸಿದರೆ ಏನು ಬಂತು, ಎಣಿಕೆ ಅನ್ನ ಹಾಕುತ್ತದೆಯೇ ಎಂದು ನನ್ನ ಗಿರಾಕಿಗಳೇ ಕೇಳುತ್ತಾರೆ. ನನ್ನ ಉತ್ತರ ಇಷ್ಟು. ಈ ಜಿಲ್ಲೆಯಲ್ಲಿ ಒಂದೊಂದು ದೊಡ್ಡ ಯೋಜನೆ ಬಂದಾಗಲೂ ಎರಡು ಕಡೆಯವರೂ ಉದ್ಯೋಗದ ಹೆಸರಿನಲ್ಲೇ ಜಗಳವಾಡುತ್ತಾರೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಟ್ಯಾಗೋರ್ ಕಡಲತೀರಕ್ಕೆ ಇಳಿದದ್ದನ್ನು ಇಡೀ ಊರು ಕಂಡಿದೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಅದೇ, ಅಂಕೋಲಾದ ಕೇಣಿಯಲ್ಲಿ ಅದೇ. ಬಂದರು ಬೇಕು ಎನ್ನುವವರು ಸಾವಿರಾರು ಕೆಲಸ ಎನ್ನುತ್ತಾರೆ, ಬೇಡ ಎನ್ನುವವರು ಸಾವಿರಾರು ದೋಣಿ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಲೆಕ್ಕ ಇಲ್ಲ. ನಾನು ಮೀನುಗಾರರ ಕಡೆಯವನು, ಮುಚ್ಚಿಡುವುದೇಕೆ. ಯಾಕೆಂದರೆ ‘ಮನೆಗೊಂದು ಕೆಲಸ’ದ ಅರ್ಜಿಗಳನ್ನು ಟೈಪ್ ಮಾಡಿದವನು ನಾನು. ಆದರೂ ನಾಳೆ ಲೆಕ್ಕ ಹೊರಗೆ ಬಂದು, ಹಿಂದಿನ ಯೋಜನೆಗಳಿಂದ ಇಷ್ಟು ಸಾವಿರ ಸ್ಥಳೀಯರಿಗೆ ಕಾಯಂ ಕೆಲಸ ಸಿಕ್ಕಿದೆ ಎಂದು ತೋರಿಸಿದರೆ ನಾನು ಮಾತು ಬದಲಿಸಲು ತಯಾರು. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ 5 ಮತ್ತು 6ನೇ ಘಟಕಗಳು ಬರುತ್ತಿವೆ. ಮೊದಲ ನಾಲ್ಕು ಘಟಕಗಳಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಅದರಲ್ಲಿ ಈ ಜಿಲ್ಲೆಯವರು ಎಷ್ಟು ಎಂಬ ಮೂರು ಅಂಕಿ ಮೊದಲು ಊರಿನ ಮುಂದೆ ಬರಲಿ, ಆಮೇಲೆ ಹೊಸ ಘಟಕಗಳ ಮಾತಾಡೋಣ.

ಸ್ಥಳೀಯರಿಗೆ ಕೆಲಸ ಎಂಬ ಮಾತಿಗೂ ಇದೇ ಗತಿ. ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟದ್ದು 1986ರಲ್ಲಿ, ಸೀಬರ್ಡ್‌ಗೆ ಅಡಿಗಲ್ಲು ಬಿದ್ದ ವರ್ಷವೇ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿಯಿತು. ಅದೇ ವಾರ ಶಿರೂರಿನ ಗುಡ್ಡ ಬಿದ್ದಿತ್ತು. ನಾವು ಗಂಗಾವಳಿ ನದಿಯಲ್ಲಿ ಹೆಣ ಹುಡುಕುತ್ತಿದ್ದೆವು, ಶೇಕಡಾವಾರು ಚರ್ಚಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಇದೆಲ್ಲ ದೊಡ್ಡ ಕೆಲಸ, ಜಿಲ್ಲಾಡಳಿತದಿಂದ ಆಗುವುದಿಲ್ಲ ಎಂದು ತಮ್ಮ ಸಿಬ್ಬಂದಿ ಹೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮುಕ್ಕಾಲು ಪಾಲು ಕಾಗದ ಈಗಾಗಲೇ ಸರ್ಕಾರದ ಬೇರೆ ಬೇರೆ ಕಪಾಟುಗಳಲ್ಲಿ ಕೂತಿದೆ, ಒಂದು ಕಪಾಟಿಗೆ ಇನ್ನೊಂದರ ಪರಿಚಯ ಇಲ್ಲ ಅಷ್ಟೆ. ಪಿಎಲ್‌ಎಫ್‌ಎಸ್ ಸಮೀಕ್ಷೆ 2025ರ ಜನವರಿಯಿಂದ ತಿಂಗಳು ತಿಂಗಳು ಅಂಕಿ ಕೊಡುತ್ತಿದೆ, ಮಾದರಿ ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕವಾಗಿ ಹಿಡಿಯುತ್ತಿದೆ. ಹಾಗಿದ್ದ ಮೇಲೆ ಉತ್ತರ ಕನ್ನಡದ ಅಂದಾಜು ತೆಗೆಯಲು ಜಿಲ್ಲಾ ಸಾಂಖ್ಯಿಕ ಅಧಿಕಾರಿಗಳು ಕೈಹಾಕಬಾರದೇಕೆ? ಮಾದರಿ ಚಿಕ್ಕದು, ತಿಂಗಳ ಅಂಕಿ ಅಲುಗಾಡುತ್ತದೆ ಎಂದರೆ ಮೂರು ತಿಂಗಳಿಗೊಮ್ಮೆ ಕೊಡಲಿ, ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂದೂ ಬರೆಯಲಿ. ನಮಗೆ ಅರ್ಥವಾಗುತ್ತದೆ.

ಯುವನಿಧಿಯ ಪಟ್ಟಿ ಇದೆ. 2022–23ರಲ್ಲಿ ಪಾಸಾದವರಿಂದ ಶುರುವಾಗಿ, ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ನನಗಿನ್ನೂ ಕೆಲಸ ಸಿಕ್ಕಿಲ್ಲ ಎಂದು ಆ ಮಕ್ಕಳು ಸ್ವಯಂ ಘೋಷಣೆ ಕೊಡುತ್ತಲೇ ಇರಬೇಕು. ನಾನೇ ತುಂಬಿಕೊಡುತ್ತೇನೆ. ಅಂದರೆ ಕೆಲಸವಿಲ್ಲದ ಪದವೀಧರರ ತಾಜಾ ಪಟ್ಟಿ ಸರ್ಕಾರದ ಕಂಪ್ಯೂಟರಿನಲ್ಲಿದೆ, ಹೆಸರು ಬೇಡ, ತಾಲ್ಲೂಕುವಾರು ಸಂಖ್ಯೆ ಸಾಕು. ಐಟಿಐ ಓದಿದ ನನ್ನ ಮಗನಂಥವರು ಅದರಲ್ಲಿ ಇಲ್ಲ, ಪಿಯುಸಿಗೆ ಬಿಟ್ಟವರೂ ಇಲ್ಲ. ಅವರಿಗಾಗಿ ಉದ್ಯೋಗ ವಿನಿಮಯ ಕಚೇರಿಯ ನೋಂದಣಿ ನೋಡಬೇಕು. ಒಂದು ಕಾಲದಲ್ಲಿ ಆ ಕಚೇರಿಯ ಕಾರ್ಡು ಮನೆಮನೆಯ ಟ್ರಂಕಿನಲ್ಲಿತ್ತು, ನವೀಕರಣದ ದಿನ ಮರೆತರೆ ಮನೆಯಲ್ಲಿ ಬೈಗುಳ. ಈಗಿನ ಹುಡುಗರಿಗೆ ಆ ಕಚೇರಿ ಎಲ್ಲಿದೆ ಎಂದೇ ಗೊತ್ತಿಲ್ಲ. ಖಾಲಿ ಹುದ್ದೆಗಳ ಮಾಹಿತಿಯನ್ನು ಅಲ್ಲಿಗೆ ಕೊಡಲೇಬೇಕು ಎಂಬ ಕಾಯ್ದೆ 1959ರಲ್ಲೇ ಬಂದದ್ದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಒಂದು ಹಾಳೆ ಹೊರಗೆ ಅಂಟಿಸಿದರೆ ಉಳಿದದ್ದನ್ನು ಊರು ನೋಡಿಕೊಳ್ಳುತ್ತದೆ.

ಗುತ್ತಿಗೆದಾರರು ಪರವಾನಗಿ ಪಡೆಯುವಾಗ ಎಷ್ಟು ಜನರನ್ನು ದುಡಿಸುತ್ತೇವೆ ಎಂದು ಬರೆದುಕೊಡುತ್ತಾರೆ. ನೌಕಾನೆಲೆ, ಅಣುವಿದ್ಯುತ್ ಸ್ಥಾವರದ ಮಟ್ಟಿಗೆ ಆ ಕಾಗದ ಕೇಂದ್ರದ ಕಾರ್ಮಿಕ ಅಧಿಕಾರಿಗಳ ಬಳಿ ಇರುತ್ತದೆ. ಜಿಲ್ಲಾಧಿಕಾರಿ ಕೇಳಿದರೆ ಸಂಖ್ಯೆ ಮಾತ್ರ ಕೊಡಲು ಯಾವ ದೇಶರಹಸ್ಯವೂ ಅಡ್ಡ ಬರಲಾರದು. ಗೋವಾಕ್ಕೆ ಹೋಗುವವರದು ಇನ್ನೂ ಸುಲಭ: ಕಾರವಾರ, ಅಸ್ನೋಟಿ ನಿಲ್ದಾಣಗಳಿಂದ ತಿಂಗಳಿಗೆ ಎಷ್ಟು ಸೀಸನ್ ಪಾಸ್ ಹೋಗುತ್ತವೆ ಎಂದು ರೈಲ್ವೆಯವರನ್ನು ಕೇಳಿ. ಅದು ಪೂರ್ತಿ ಲೆಕ್ಕ ಅಲ್ಲ, ಬೈಕಿನವರು ತಪ್ಪಿಹೋಗುತ್ತಾರೆ. ಆದರೂ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ತಿಳಿಯುತ್ತದೆ. ಮತ್ತೊಂದು ಅಂಕಿಯಂತೂ ತಮ್ಮ ಕಟ್ಟಡದೊಳಗೇ ಇದೆ. ಈ ಜಿಲ್ಲೆಯ ಸರ್ಕಾರಿ ಕಚೇರಿಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ನನ್ನ ಗಿರಾಕಿಗಳು ಅರ್ಜಿ ಹಿಡಿದು ಒಳಗೆ ಹೋಗಿ, “ಆ ಟೇಬಲಿನವರು ಇಲ್ಲ, ಪ್ರಭಾರದಲ್ಲಿ ಬೇರೆಯವರಿದ್ದಾರೆ” ಎಂದು ಕೇಳಿಕೊಂಡು ವಾಪಸ್ ಬರುತ್ತಾರೆ. ಕೆಲಸ ಇಲ್ಲದವನು ಖಾಲಿ ಕುರ್ಚಿಯ ಎದುರು ಕಾಯುತ್ತಾ ನಿಲ್ಲುವುದನ್ನು ಇಪ್ಪತ್ತೆಂಟು ವರ್ಷ ನೋಡಿದ್ದೇನೆ.

ಪ್ರತಿ ವರ್ಷ ಜಿಲ್ಲೆಯ ಅಂಕಿ-ಅಂಶಗಳ ಪುಸ್ತಕ ಹೊರಡುತ್ತದೆ. ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಟನ್ ಮೀನು, ಎಷ್ಟು ಎಮ್ಮೆ, ಎಷ್ಟು ಕುರಿ ಎಲ್ಲ ಅದರಲ್ಲಿ ಸಿಗುತ್ತದೆ. ಅಷ್ಟು ಎಣಿಸಬಲ್ಲವರಿಗೆ ಇದು ಹೊಸ ವಿದ್ಯೆಯೇನಲ್ಲ.

ಮೊದಲ ತಿಂಗಳ ಅಂಕಿ ತಪ್ಪಾಗಲಿ, ಪರವಾಗಿಲ್ಲ. ಒಂದೇ ಹಾಳೆ ಸಾಕು, ಕನ್ನಡದಲ್ಲಿರಲಿ, ತಾಲ್ಲೂಕಿಗೊಂದು ಸಾಲು. ತಮ್ಮ ಕಚೇರಿಯ ನೋಟಿಸ್ ಬೋರ್ಡು, ಹನ್ನೆರಡು ತಾಲ್ಲೂಕು ಕಚೇರಿಗಳು, ಕಾರವಾರ–ಶಿರಸಿಯ ಬಸ್ ನಿಲ್ದಾಣಗಳು, ಶಿರವಾಡದ ರೈಲು ನಿಲ್ದಾಣ, ಬೈತಖೋಲದ ಮೀನುಗಾರಿಕೆ ಬಂದರು: ಇಷ್ಟು ಕಡೆ ಅಂಟಿಸಲು ಇಪ್ಪತ್ತು ಪ್ರತಿ ಬೇಕಾದೀತು. ಆ ಇಪ್ಪತ್ತು ಪ್ರತಿ ಪ್ರತಿ ತಿಂಗಳೂ ನಾನೇ ಮಾಡಿಕೊಡುತ್ತೇನೆ, ಹಣ ಬೇಡ. ಯಾರನ್ನಾದರೂ ಕಳುಹಿಸಿ. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಭಾನುವಾರ ಸಂತೆಯ ದಿನವೂ ಮಧ್ಯಾಹ್ನದವರೆಗೆ ಇರುತ್ತೇನೆ. ನಾನು ಊಟಕ್ಕೆ ಹೋಗಿದ್ದರೆ ಮಗ ಇರುತ್ತಾನೆ, ಅವನ ಗುತ್ತಿಗೆ ಈ ತಿಂಗಳ ಕೊನೆಗೆ ಮತ್ತೆ ಮುಗಿಯುತ್ತದೆ.

ಇಂತಿ ತಮ್ಮ ವಿಧೇಯ,
ಓಣಿಯ ಜೆರಾಕ್ಸ್ ಅಂಗಡಿಯವ
ಕಾರವಾರ